ಆಸ್ಪತ್ರೆ ಓಡಾಟಕ್ಕೆ ಚಿಗರಿ ಬಸ್: ವೀಲ್‌ಚೇರ್ ಮಗುವಿನ ಅಮ್ಮನ ರಿವ್ಯೂ

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಬಗ್ಗೆ ಹೆಚ್ಚಿನವರು ಎಸಿ ಚೆನ್ನಾಗಿದೆ, ಬೇಗ ಮುಟ್ಟಿಸುತ್ತೆ ಅಂತಾರೆ. ನನಗೆ ಈ ಬಸ್ ಇಷ್ಟವಾಗಿರುವುದು ಬೇರೆ ಕಾರಣಕ್ಕೆ. ನಮ್ಮ ಮಗಳಿಗೆ ಸ್ಪೈನಾ ಬಿಫಿಡಾ ಇದೆ. ಬಸಿರಿನ ಮೊದಲ ತಿಂಗಳಲ್ಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಬೇಕು, ಅವಳದು ಮುಚ್ಚಿಕೊಳ್ಳಲಿಲ್ಲ. ಹುಟ್ಟಿದ ಕೂಡಲೇ ಬೆನ್ನಿನ ಆಪರೇಷನ್, ಆಮೇಲೆ ತಲೆಯಲ್ಲಿ ನೀರು ತುಂಬಿತೆಂದು ಶಂಟ್, ಅಂದರೆ ಆ ನೀರನ್ನು ತಲೆಯಿಂದ ಕೆಳಗೆ ಇಳಿಸುವ ಸಣ್ಣ ಕೊಳವೆ. ಈಗ ಅವಳಿಗೆ ನಾಲ್ಕು ವರ್ಷ. ನ್ಯೂರೋ, ಯೂರಾಲಜಿ, ಮೂಳೆ ಡಾಕ್ಟರ್, ಫಿಸಿಯೋ ಅಂತ ಹುಬ್ಬಳ್ಳಿ-ಧಾರವಾಡ ನಡುವೆ ಓಡಾಟ ಇದ್ದೇ ಇರುತ್ತೆ.

ಅವಳಿಗೆ ಮೂತ್ರ ತಾನಾಗಿ ಪೂರ್ತಿ ಹೋಗುವುದಿಲ್ಲ. ಮೂರ್ನಾಲ್ಕು ಗಂಟೆಗೊಮ್ಮೆ ಕ್ಯಾತಿಟರ್ (ಮೂತ್ರ ತೆಗೆಯುವ ಸಣ್ಣ ನಳಿಕೆ) ಹಾಕಿ ತೆಗೆಯಬೇಕು, ತಡ ಮಾಡುತ್ತಾ ಹೋದರೆ ಇನ್ಫೆಕ್ಷನ್, ಕೊನೆಗೆ ಕಿಡ್ನಿಗೇ ತೊಂದರೆ. ಹೊರಗೆ ಮಗುವನ್ನು ಮಲಗಿಸಿ ಇದನ್ನು ಮಾಡೋಕೆ ಚೊಕ್ಕ ಜಾಗ ಸಿಗುವುದೇ ಕಷ್ಟ, ಹಾಗಾಗಿ ಮನೆಯಲ್ಲಿ ತೆಗೆದು ಹೊರಟರೆ ಮುಂದಿನ ಹೊತ್ತಿಗೆ ವಾಪಸ್ ಮನೆ ಸೇರಬೇಕು ಅನ್ನೋದೇ ನಮ್ಮ ಲೆಕ್ಕ. ಡಾಕ್ಟರ್ ಎಷ್ಟು ಹೊತ್ತು ಕಾಯಿಸುತ್ತಾರೋ ಗೊತ್ತಿಲ್ಲ. ದಾರಿಯ ಹೊತ್ತಾದರೂ ಗೊತ್ತಿರಬೇಕಲ್ವಾ? ಚಿಗರಿಗೆ ರಸ್ತೆ ಮಧ್ಯದಲ್ಲಿ ತನ್ನದೇ ದಾರಿ ಇದೆ. ಪಕ್ಕದಲ್ಲಿ ಟ್ರಾಫಿಕ್ ನಿಂತಿದ್ದರೂ ಇದು ಹೋಗುತ್ತಿರುತ್ತೆ. ಸುಮಾರು 22 ಕಿಲೋಮೀಟರ್ ದಾರಿ ಇಷ್ಟು ಹೊತ್ತು ಅಂತ ಲೆಕ್ಕ ಹಾಕಿಕೊಂಡು ಹೊರಡಬಹುದು. ನನಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೆ ಇಲ್ಲ.

ಎರಡನೆಯದು ಹತ್ತುವುದು. ಸ್ಟೇಷನ್ ಕಟ್ಟೆ, ಬಸ್ಸಿನ ನೆಲ ಹೆಚ್ಚುಕಡಿಮೆ ಒಂದೇ ಮಟ್ಟ. ಮಗುವನ್ನು ಕಂಕುಳಲ್ಲಿ ಎತ್ತಿ, ವೀಲ್‌ಚೇರ್ ಮಡಚಿ, ಚೀಲ ಹಲ್ಲಲ್ಲಿ ಕಚ್ಚಿಕೊಂಡು ಮೆಟ್ಟಿಲು ಹತ್ತುವ ಕೆಲಸ ಇಲ್ಲ, ಅವಳು ಕುರ್ಚಿಯಲ್ಲಿ ಕೂತ ಹಾಗೇ ಒಳಗೆ ಹೋಗುತ್ತಾಳೆ. ನಡುವೆ ಸಣ್ಣ ಸಂದಿ ಇರುತ್ತೆ, ಹಿಡಿಕೆ ಒತ್ತಿ ಮುಂದಿನ ಚಿಕ್ಕ ಗಾಲಿ ಎತ್ತಿದರೆ ದಾಟುತ್ತೆ. ಒಳಗೆ ಬ್ರೇಕ್ ಹಾಕಿ, ಆದರೂ ಒಂದು ಕೈ ಕುರ್ಚಿ ಮೇಲೆ ಇರಲಿ.

ಇನ್ನೊಂದು ಮಾತು ಇಂಥ ಮಕ್ಕಳ ತಂದೆತಾಯಿಗೆ ಮಾತ್ರ ಹೊಳೆಯುವುದು. ಅವಳಿಗೆ ಮೊಣಕಾಲ ಕೆಳಗೆ ಬಿಸಿ, ನೋವು ಗೊತ್ತಾಗುವುದಿಲ್ಲ. ಹಳೇ ಗಾಡಿಗಳಲ್ಲಿ ಇಂಜಿನ್ ಪಕ್ಕದ ತಗಡು ಕಾದು ಪಾದ ಸುಟ್ಟರೂ ಅವಳು ಅಳುವುದಿಲ್ಲ, ನಗುತ್ತಾ ಕಿಟಕಿ ನೋಡುತ್ತಿರುತ್ತಾಳೆ. ಇಲ್ಲಿ ಆ ಭಯ ಕಡಿಮೆ. ಬೇಸಿಗೆಯಲ್ಲಿ ಕಾಲಿಗೆ ಆಸರೆಯಾಗಿ ಕಟ್ಟುವ ಪ್ಲಾಸ್ಟಿಕ್ ಸ್ಪ್ಲಿಂಟ್ ಒಳಗೆ ಬೆವರುವುದೂ ಎಸಿಯಿಂದ ಕಡಿಮೆ. ಆದರೂ ಮನೆಗೆ ಬಂದ ಕೂಡಲೇ ಸ್ಪ್ಲಿಂಟ್ ಬಿಚ್ಚಿ ಹಿಮ್ಮಡಿ ನೋಡ್ತೀನಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಸ್ಪ್ಲಿಂಟ್ ಸರಿಮಾಡಿಸಬೇಕು, ಸುಮ್ನೆ ಬಿಡಬೇಡಿ, ಹುಣ್ಣಾದರೆ ಬೇಗ ಮಾಯುವುದಿಲ್ಲ.

ಜನರೂ ಒಳ್ಳೆಯವರೇ. ಮೊನ್ನೆ ನವಲಗುಂದ ಕಡೆಯ ಅಜ್ಜಿಯೊಬ್ಬರು, "ಯಾಕವಾ, ಕೂಸಿನ ಕಾಲಿಗೆ ಏನಾಗೇತಿ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಮಗಳು, "ಇದು ನನ್ನ ನಡಿಯೋ ಬೂಟು ಅಜ್ಜಿ, ವೆಲ್ಕ್ರೋ ನಾನೇ ಹಾಕ್ತೀನಿ" ಅಂತ ತೆಗೆದು ಹಾಕಿ ತೋರಿಸಿದಳು. ಅಜ್ಜಿ ಮುಂದೇನೂ ಕೇಳಲಿಲ್ಲ, ಚೀಲದಿಂದ ಪೇರಲ ಹಣ್ಣು ತೆಗೆದು ಕೊಟ್ಟರು.

ಹೋಗುವವರಿಗೆ ಒಂದೆರಡು ಮಾತು. ಸ್ಟೇಷನ್ ಇರುವುದು ರಸ್ತೆ ಮಧ್ಯೆ. ದಾಟುವಾಗ ಬೈಕು, ಕಾರಿನವರು ಝೀಬ್ರಾ ಪಟ್ಟೆ ಇದ್ದರೂ ನಿಲ್ಲಿಸುವುದಿಲ್ಲ, ಕುರ್ಚಿ ತಳ್ಳುವಾಗ ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ಕಾಲೇಜು ಬಿಡುವ ಹೊತ್ತು ತಪ್ಪಿಸಿ ಅಪಾಯಿಂಟ್‌ಮೆಂಟ್ ಕೇಳಿ. ಎಕ್ಸ್‌ಪ್ರೆಸ್ ಬಸ್ ಎಲ್ಲ ಕಡೆ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವಾಗಲೇ ನಿಮ್ಮ ಸ್ಟೇಷನ್ ಹೆಸರು ಹೇಳಿ ಕೇಳಿಕೊಳ್ಳಿ. ಚೀಲದಲ್ಲಿ ಒಂದು ಕ್ಯಾತಿಟರ್ ಜಾಸ್ತಿ ಇರಲಿ, ಲೇಟೆಕ್ಸ್ (ಒಂದು ಬಗೆಯ ರಬ್ಬರ್) ಇಲ್ಲದ ಗ್ಲೌಸ್ ಕೂಡ. ಈ ಮಕ್ಕಳಲ್ಲಿ ಲೇಟೆಕ್ಸ್ ಅಲರ್ಜಿ ಹೆಚ್ಚು, ಆಸ್ಪತ್ರೆಯಲ್ಲಿ ಯಾರೇ ಮುಟ್ಟುವ ಮೊದಲು ಅದನ್ನು ಹೇಳಿಬಿಡಿ.