ಫಿಯೆಟ್ ಸೀಟಿಗೆ ರೆಡಿಮೇಡೋ, ಹತ್ತಿಯೋ, ರೆಕ್ಸಿನ್ನೋ

ಮುಂದಿನ ಸೀಟಿನ ಸ್ಪ್ರಿಂಗ್ ಒಂದು ರೆಕ್ಸಿನ್ ಸೀಳಿಕೊಂಡು ಮೇಲೆ ಬಂದು ಅಪ್ಪನ ಪಂಚೆ ಹರಿಯಿತು. ಕೊಪ್ಪದಲ್ಲಿ ಮದುವೆಗೆ ಹೊರಟಿದ್ದೆವು, ರೇಷ್ಮೆ ಪಂಚೆ ಬೇರೆ. ಅಪ್ಪ ಏನೂ ಅನ್ನಲಿಲ್ಲ. ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡು ಊಟ ಮುಗಿಸಿದರು. ವಾಪಸ್ ಬರುವಾಗ ಮಾತ್ರ ಸುಮ್ನೆ ಹೋಗಿ ಹಿಂದಿನ ಸೀಟಲ್ಲಿ ಕೂತರು. ಮಾರನೇ ದಿನವೇ ಸೀಟ್ ಕವರ್ ಹುಡುಕಲು ಶುರು ಮಾಡಿದೆ.

ಕಾರು 1986ರ ಪ್ರೀಮಿಯರ್ ಪದ್ಮಿನಿ. ಬೊಂಬಾಯಿಯ ಕುರ್ಲಾದಲ್ಲಿ ತಯಾರಾದದ್ದು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಆರ್‌ಸಿ ಪುಸ್ತಕದಲ್ಲಿ ಪದ್ಮಿನಿ ಅಂತಿದ್ದರೂ ತೀರ್ಥಹಳ್ಳಿ ಕಡೆ ಇದು ಯಾವತ್ತೂ ಫಿಯೆಟ್ಟೇ. ಮುಂಬೈಯಲ್ಲಿ 2023ರ ಅಕ್ಟೋಬರ್‌ನಲ್ಲಿ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆ ಬಿಟ್ಟವು. ಎಂಜಿನ್ ಸಾಮಾನು ಹೇಗೋ ಯಾರದೋ ಗುಜರಿಯಲ್ಲಿ ಸಿಗುತ್ತದೆ. ಸೀಟ್ ಕವರ್ ಅಂದರೆ ಅಂಗಡಿಯವರು ಮುಖ ನೋಡಿ "ಯಾವ ಕಾರು ಅಂದ್ರಿ?" ಅಂತ ಇನ್ನೊಂದು ಸಲ ಕೇಳುತ್ತಾರೆ.

ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಭಾವ ರೆಡಿಮೇಡ್ ಅಂದ. ಅಮ್ಮ ಹತ್ತಿ ಬಟ್ಟೆ ಅಂದಳು. ಮೆಕ್ಯಾನಿಕ್ ಮಾತ್ರ "ಸೀಟು ಬಿಚ್ಚಿ ಹೊಸದಾಗಿ ಕುಶನ್ ಮಾಡಿಸಿ, ಮೇಲೆ ಮೇಲೆ ಮುಚ್ಚಬೇಡಿ" ಅಂದರು. ಖರ್ಚು ಜಾಸ್ತಿ ಅಂತ ಅವರ ಮಾತು ಕೊನೆಗೆ ಇಟ್ಟುಕೊಂಡೆ. ಮೊದಲ ವರ್ಷ ಮುಂದಿನ ಸೀಟಿಗೆ ರೆಡಿಮೇಡ್, ಹಿಂದಿನದಕ್ಕೆ ಹತ್ತಿ. ಒಂದೇ ಕಾರು, ಒಂದೇ ಮಳೆ. ಹೋಲಿಸಲು ಇದಕ್ಕಿಂತ ಒಳ್ಳೆ ಏರ್ಪಾಡು ಬೇಕಾ?

ರೆಡಿಮೇಡ್ ಕವರ್ ಶಿವಮೊಗ್ಗದಲ್ಲಿ 3,800 ರೂಪಾಯಿಗೆ ತಂದೆ. ಕಪ್ಪು ಬಣ್ಣ, ಕೆಂಪು ಪಟ್ಟಿ. ಎಲ್ಲ ಕಾರಿಗೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ಎಲ್ಲ ಕಾರು ಅಂದರೆ ಈಗಿನ ಎಲ್ಲ ಕಾರು. ನಮ್ಮ ಫಿಯೆಟ್‌ನ ಮುಂದಿನ ಸೀಟು ಬೆಂಚಿನ ಹಾಗೆ ಈ ಬಾಗಿಲಿಂದ ಆ ಬಾಗಿಲಿಗೆ ಒಂದೇ. ನಡುವೆ ಸಂದಿಲ್ಲ, ಹೆಡ್‌ರೆಸ್ಟ್ ಇಲ್ಲ. ಕವರಿನ ಪಟ್ಟಿ ತೂರಿಸಲು ಜಾಗವೇ ಇರಲಿಲ್ಲ. ಹೆಡ್‌ರೆಸ್ಟಿಗೆ ಅಂತ ಹೊಲಿದ ಎರಡು ಚೀಲಗಳು ಹಿಂದಕ್ಕೆ ಎಮ್ಮೆ ಕಿವಿಯ ಹಾಗೆ ಜೋಲುತ್ತಿದ್ದವು. ಎರಡು ಕವರನ್ನು ನಡುವೆ ಕೈಯಲ್ಲೇ ಜೋಡಿಸಿ ಹೊಲಿದೆ, ಕಿವಿಗಳನ್ನು ಒಳಗೆ ಮಡಚಿದೆ, ಎಲಾಸ್ಟಿಕ್ಕನ್ನು ಸೀಟಿನ ಕೆಳಗಿನ ಪೈಪಿಗೆ ಕೊಕ್ಕೆ ಹಾಕಿ ಎಳೆದೆ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ನೋಡಲು ಅಜ್ಜನಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗಿತ್ತು. ಆದರೂ ಸ್ಪ್ರಿಂಗ್ ಚುಚ್ಚುವುದು ನಿಂತಿತಲ್ಲ, ಖುಷಿಯೇ ಆಯಿತು.

ಖುಷಿ ಆಗುಂಬೆ ಘಾಟಿಯವರೆಗೆ. ಹೆಬ್ರಿಗೆ ಹೋಗಬೇಕಿತ್ತು. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ನುಣ್ಣನೆ ಕವರು, ಬೆಂಚ್ ಸೀಟು, ಕಾರಿಗೆ ಬೆಲ್ಟ್ ಇಲ್ಲ. ಮೊದಲ ತಿರುವಿನಲ್ಲೇ ನಾನು ಅರ್ಧ ಗೇಣು ಪಕ್ಕಕ್ಕೆ ಜಾರಿದೆ. ಜಾರಿದ್ದು ನಾನಲ್ಲ, ಕವರು. ನನ್ನನ್ನು ಕೂರಿಸಿಕೊಂಡು ಅದೇ ಹೊರಟಿತ್ತು. ಸ್ಟೇರಿಂಗ್ ಹಿಡಿಯಬೇಕಾದ ಕೈಯಲ್ಲಿ ಬಾಗಿಲ ಹಿಡಿ ಹಿಡಿದುಕೊಂಡು ಘಾಟಿ ಇಳಿಯುವುದು ಎಂಥಾ ಕೆಲಸ ಅಂತ ಇಳಿದವರಿಗೇ ಗೊತ್ತು. ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ಕವರಿನ ಮೇಲೆ ಕಂಬಳಿ ಹಾಸಿಕೊಂಡೆ.

ನಿಜವಾದ ತೊಂದರೆ ಗೊತ್ತಾಗಿದ್ದು ಪುನರ್ವಸು ಮಳೆಯಲ್ಲಿ. ಹಳೇ ಫಿಯೆಟ್‌ನ ಮುಂದಿನ ಗಾಜಿನ ರಬ್ಬರಿನಲ್ಲಿ ನೀರು ಒಸರುತ್ತದೆ. ಕಾಲಡಿಯ ಮ್ಯಾಟ್ ಒದ್ದೆ, ಅದರ ಶೈತ್ಯ ಸೀಟಿಗೆ. ರೆಡಿಮೇಡ್ ಕವರಿನ ಒಳಗೆ ತೆಳ್ಳನೆ ಸ್ಪಂಜು ಅಂಟಿಸಿರುತ್ತಾರೆ. ಆ ಸ್ಪಂಜು ಶೈತ್ಯ ಹೀರಿಕೊಂಡಿತು. ಮೇಲೆ ಪ್ಲಾಸ್ಟಿಕ್, ಕೆಳಗೆ ಹಳೇ ರೆಕ್ಸಿನ್, ನಡುವೆ ಒದ್ದೆ ಸ್ಪಂಜು. ಗಾಳಿ ಎಲ್ಲಿಂದ ಬರಬೇಕು? ಒಂದು ದಿನ ಮೂಲೆ ಎತ್ತಿ ನೋಡಿದರೆ ದೋಸೆ ಹುಳಿ ಬಂದ ಹಾಗೆ ಬಿಳಿ ಬೂಷ್ಟು. ಕಾರಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಆಗಸ್ಟ್‌ನಲ್ಲಿ ಕಿತ್ತು ಬಿಸಾಡಿದೆ.

ಇಷ್ಟಾದರೂ ಆ ಕವರನ್ನು ಪೂರ್ತಿ ಬೈಯಲಾರೆ. ಅಂಗಡಿಯವರೂ ಮೋಸ ಮಾಡಿದ್ದಲ್ಲ. ಶಿವಮೊಗ್ಗ ಪೇಟೆಯಲ್ಲಿರುವ ಗೆಳೆಯನ ಕಾರಿನಲ್ಲಿ ಅಂಥದ್ದೇ ಕವರು ಮೂರು ವರ್ಷದಿಂದ ಚೆನ್ನಾಗಿದೆ. ಅಲ್ಲಿಂದ ನಮಗೆ 60 ಕಿಲೋಮೀಟರ್. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿದಂತೆ ಮಳೆಯ ಲೆಕ್ಕವೇ ಬೇರೆ. ಇನ್ನೂ ಮೇಲೆ ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ. ಪೇಟೆಯವರ ಸಲಹೆ ಮಂಡಗದ್ದೆಯವರೆಗೆ ಸರಿ.

ಇನ್ನು ಅಮ್ಮನ ಹತ್ತಿ. ದಪ್ಪನೆ ಪಟ್ಟೆ ಪಟ್ಟೆ ಕೈಮಗ್ಗದ ಬಟ್ಟೆ ತಂದು ತೀರ್ಥಹಳ್ಳಿಯಲ್ಲಿ ಸೋಫಾ ಕವರ್ ಹೊಲಿಯುವ ಟೈಲರಿಗೆ ಕೊಟ್ಟೆ. ಬಟ್ಟೆ, ಹೊಲಿಗೆ ಸೇರಿ 1,700 ರೂಪಾಯಿ. ಅವರು ಕಾರಿನ ಹತ್ತಿರವೇ ಬಂದು ಅಳತೆ ತೆಗೆದರು. ಎಲಾಸ್ಟಿಕ್ ಬೇಡ, ಮಳೆಗಾಲಕ್ಕೆ ಸತ್ತು ಹೋಗುತ್ತದೆ ಅಂತ ಲಾಡಿ ಇಟ್ಟು ಕೊಟ್ಟರು. ಲಾಡಿಯನ್ನು ಸೀಟಿನ ಅಡಿಯಲ್ಲಿ ಗಂಟು ಹಾಕಿದರೆ ಆಯಿತು. ಹಿಂದಿನ ಸೀಟಿನ ದಿಂಬು ಮುಂದಿನ ಅಂಚಿಗೆ ಕೈ ಕೊಟ್ಟು ಎತ್ತಿದರೆ ಬಂದುಬಿಡುತ್ತದೆ. ಕಷ್ಟವೇನಿಲ್ಲ.

ನನ್ನದೊಂದು ತಪ್ಪಾಯಿತು. ಹೊಲಿಸುವ ಮೊದಲು ಬಟ್ಟೆ ಒಗೆದಿರಲಿಲ್ಲ. ಮೊದಲ ಒಗೆತಕ್ಕೇ ಕುಗ್ಗಿ, ಎರಡು ಮೂಲೆ ಬಿಟ್ಟುಕೊಂಡವು. ಹತ್ತಿ ಬಟ್ಟೆ ತಂದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಗೆ ಕೊಡಿ.

ಏಪ್ರಿಲ್ ತಿಂಗಳಲ್ಲಿ ಹತ್ತಿಗೆ ಸಮ ಯಾವುದೂ ಇಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ರೆಕ್ಸಿನ್ ಮೇಲೆ ಕೂರುವುದೂ ಒಂದೇ, ಕಾವಲಿ ಮೇಲೆ ಕೂರುವುದೂ ಒಂದೇ. ಹತ್ತಿ ಸುಡುವುದಿಲ್ಲ, ಜಾರುವುದಿಲ್ಲ, ಬೆನ್ನು ಬೆವರುವುದಿಲ್ಲ. ಆದರೆ ಮಕ್ಕಳು ಶಾಲೆಯಿಂದ ನೆನೆದು ಬಂದು ಕೂತರೆ ಮುಗಿಯಿತು. ಜುಲೈಯಲ್ಲಿ ಅದು ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆವು. ಕಾರಿನ ತುಂಬ ಹೊಗೆ ವಾಸನೆ. ಅಡಿಕೆ ಸುಲಿಯುವ ಕಾಲದಲ್ಲಿ ಅಪ್ಪ ಹಸಿ ಅಡಿಕೆ ಬುಟ್ಟಿ ಹಿಂದಿನ ಸೀಟಿಗೇ ಇಟ್ಟರು. ಅಡಿಕೆ ಚೊಗರು ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಹೋಗುವುದಿಲ್ಲ ಅಲ್ವಾ? ಈಗಲೂ ಎಡಗಡೆ ಭಾರತದ ನಕ್ಷೆಯಷ್ಟು ದೊಡ್ಡ ಕಂದು ಕಲೆ ಇದೆ. ಒಂದು ಒಳ್ಳೆಯದೇನೆಂದರೆ ಬೂಷ್ಟು ಬಂದರೂ ಕಾಣುತ್ತದೆ, ಬಿಚ್ಚಿ ಒಗೆಯಬಹುದು. ರೆಡಿಮೇಡ್ ಕವರಿನ ಹಾಗೆ ಒಳಗೊಳಗೇ ಕೊಳೆಸುವುದಿಲ್ಲ.

ಕೊನೆಗೆ ಮೆಕ್ಯಾನಿಕ್ ಮಾತೇ ಸರಿ ಅನಿಸಿತು. ಜೂನ್‌ನಲ್ಲೇ ಶಿವಮೊಗ್ಗಕ್ಕೆ ಹೋದಾಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಕುಶನ್ ಅಂಗಡಿ ನೋಡಿ, ಮೂರು ಬಗೆಯ ತುಂಡು ಕೇಳಿ ತಂದಿದ್ದೆ. ಒಂದು ಪಿವಿಸಿ ರೆಕ್ಸಿನ್, ಇನ್ನೊಂದು ಚರ್ಮದ ಹಾಗೇ ಕಾಣುವ ಪಿಯು, ಮತ್ತೊಂದು ಮಖಮಲ್. ಮೂರನ್ನೂ ಸೌದೆ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಆರಿದ್ರಾದಿಂದ ಆಶ್ಲೇಷದವರೆಗೆ ಅಲ್ಲೇ ಇದ್ದವು. ಮಖಮಲ್ ಎರಡನೇ ವಾರಕ್ಕೇ ಹಸಿರಾಯಿತು. ರೆಕ್ಸಿನ್ ಮತ್ತು ಪಿಯು ಮೇಲೆ ತೆಳ್ಳಗೆ ಬೂಷ್ಟು ಬಂತು, ಒರೆಸಿದರೆ ಹೋಯಿತು. ಹಾಗಾದರೆ ಪಿಯು ಹಾಕಿಸಬಹುದಾ? ಮೆತ್ತಗಿದೆ, ನೋಡಲೂ ಚಂದ. ಆದರೆ ನಮ್ಮ ಜಗಲಿಯ ಸೋಫಾ ಪಿಯುದೇ. ಐದು ವರ್ಷಕ್ಕೆ ಹಾವಿನ ಪೊರೆ ಬಿಟ್ಟ ಹಾಗೆ ಸಿಪ್ಪೆ ಸಿಪ್ಪೆ ಎದ್ದಿತು. ಪಾಲಿಯುರೇಥೇನ್ ಪದರ ಗಾಳಿಯ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಕೂತು ಸವೆಯಬೇಕು ಅಂತಿಲ್ಲ, ಸುಮ್ನೆ ಇಟ್ಟರೂ ಸಾಕು. ಪಿವಿಸಿಗೆ ಆ ಕಾಯಿಲೆ ಇಲ್ಲ. ಅದು ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತದೆ, ಅದಕ್ಕೆ ಬಹಳ ವರ್ಷ ಬೇಕು. ಮಲೆನಾಡಿಗೆ ಯಾವ ಕಾಯಿಲೆ ವಾಸಿ ಅಂತ ನೀವೇ ಹೇಳಿ.

ಕೆಲಸ ಮಾಡಿಸಿದ್ದು ದೀಪಾವಳಿ ಆದ ಮೇಲೆ. ಅದಕ್ಕೆ ಕಾರಣ ಇದೆ. ಒಳಗಿನ ಸಾಮಾನೆಲ್ಲ ಪೂರ್ತಿ ಒಣಗಿರಬೇಕು, ರೆಕ್ಸಿನ್ ಎಳೆಯಲು ಬಿಸಿಲು ಬೇಕು. ಸೀಟನ್ನು ಮನೆಯಲ್ಲೇ ಬಿಚ್ಚಿದೆ. ಹಳಿಯ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಗ್ಗೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುಗಿಸಿದ ಮೇಲೆ ಬಂದವು. ಸೀಟಿನ ಅಡಿಯಲ್ಲಿ ಅಜ್ಜನ ಸುಣ್ಣದ ಡಬ್ಬಿ ಸಿಕ್ಕಿತು. ಸುಣ್ಣ ಕಲ್ಲಾಗಿತ್ತು.

ಅದನ್ನು ಶಿವಮೊಗ್ಗದ ಅದೇ ಕುಶನ್ ಅಂಗಡಿಗೆ ಒಯ್ದೆ. ಅಂಗಡಿಯ ಭಾಯ್ ಹಳೇ ರೆಕ್ಸಿನ್ನನ್ನು ಹರಿಯಲಿಲ್ಲ. ಬ್ಲೇಡಿನ ಮೂಲೆಯಲ್ಲಿ ಒಂದೊಂದೇ ಹೊಲಿಗೆ ಬಿಡಿಸಿದರು. ಆ ತುಂಡುಗಳೇ ಅಳತೆ. ಹೊಸ ರೆಕ್ಸಿನ್ ಮೇಲೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೊಲಿಗೆಗೆ ಬೆರಳಗಲ ಬಿಟ್ಟು ಕತ್ತರಿಸಿದರು. ಒಳಗೆ ನೋಡಿದರೆ ಸ್ಪ್ರಿಂಗ್ ಮೇಲಿನ ಗೋಣಿತಾಟು ಪುಡಿ ಪುಡಿ. ಕೈಯಲ್ಲಿ ಹಿಡಿದರೆ ನಶ್ಯದ ಹಾಗೆ ಉದುರಿತು. ನನ್ನ ರೆಡಿಮೇಡ್ ಕವರು ಮುಚ್ಚಿಟ್ಟಿದ್ದು ಇದನ್ನೇ. ಸ್ಪ್ರಿಂಗ್ ಮತ್ತು ಫೋಮ್ ನಡುವೆ ಗೋಣಿ ಇಲ್ಲದಿದ್ದರೆ ಸ್ಪ್ರಿಂಗ್ ಫೋಮನ್ನು ಕೊಯ್ಯುತ್ತಾ ಮೇಲೆ ಬರುತ್ತದೆ. ಅಪ್ಪನ ಪಂಚೆ ಹರಿದದ್ದು ರೆಕ್ಸಿನ್ ತಪ್ಪಿಂದಲ್ಲ, ಗೋಣಿಯ ತಪ್ಪಿಂದ.

ಚೌಕಟ್ಟಿನ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿದರು. ಮುರಿದ ಸ್ಪ್ರಿಂಗ್ ಒಂದನ್ನು ಗುಜರಿ ಸೀಟಿನಿಂದ ತಂದು ಕೂರಿಸಿದರು. ಹೊಸ ಗೋಣಿ, ಅದರ ಮೇಲೆ ಫೋಮ್. ಫೋಮಿಗೆ 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಇರುತ್ತದೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ ಅದು. ಅಂಗಡಿಯಲ್ಲಿ ಒತ್ತಿ ನೋಡಿದಾಗ ನನಗೆ 32 ಇಷ್ಟವಾಯಿತು. ಭಾಯ್ ನಕ್ಕರು. "ಕೂರೋದು ಬೆರಳಲ್ಲ ಸಾರ್." ಕೂರುವ ಜಾಗಕ್ಕೆ 40, ಬೆನ್ನಿಗೆ 32 ಹಾಕಿಸಿದೆ.

ಜಾರುವ ಕಥೆ ಹೇಳಿದೆ. ಅವರು ನುಣುಪಿನ ರೆಕ್ಸಿನ್ ಬದಿಗಿಟ್ಟು, ಒರಟು ಮೈಯ ಕಂದು ಬಣ್ಣದ್ದು ತೆಗೆದರು. ಕೂರುವ ಜಾಗದಲ್ಲಿ ಹಿಂದಿನಿಂದ ಮುಂದಕ್ಕೆ ಎರಡು ಬೆರಳಗಲದ ಪಟ್ಟಿ ಪಟ್ಟಿಯಾಗಿ ಉಬ್ಬು ಹೊಲಿದರು. ಹಳೇ ಕಾರುಗಳಲ್ಲಿ ಹಾಗೇ ಇರುತ್ತಿತ್ತು. ನಾನು ಅದನ್ನು ಅಂದಕ್ಕೆ ಅಂದುಕೊಂಡಿದ್ದೆ. ಆ ಸಾಲುಗಳಲ್ಲಿ ಸ್ವಲ್ಪ ಗಾಳಿ ಆಡುತ್ತದೆ, ತಿರುವಿನಲ್ಲಿ ಮೈ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ದಾರ ಮಾತ್ರ ನೈಲಾನ್. ಹತ್ತಿ ದಾರ ನೀರು ಹೀರಿ ಕೊಳೆಯುತ್ತದೆ.

ಹೊಲಿದ ಕವರನ್ನು ತಕ್ಷಣ ಹಾಕಲಿಲ್ಲ. ಅಂಗಡಿ ಮುಂದೆ ಬಿಸಿಲಲ್ಲಿ ಅರ್ಧ ಗಂಟೆ ಹರಡಿದರು, ನಾವು ಟೀ ಕುಡಿದು ಬಂದೆವು. ಬಿಸಿಯಾದ ರೆಕ್ಸಿನ್ ಹಪ್ಪಳದ ಹಿಟ್ಟಿನ ಹಾಗೆ ಎಳೆಯಲು ಬರುತ್ತದೆ. ಮೊದಲು ನಡು, ಆಮೇಲೆ ಬದಿ, ಕೊನೆಗೆ ಮೂಲೆ. ಮಡಿಕೆಯಲ್ಲಿ ಕಬ್ಬಿಣದ ತಂತಿ ತೂರಿಸಿ, ಅದನ್ನು ಚೌಕಟ್ಟಿಗೆ ಉಂಗುರ ಹಾಕಿ ಇಕ್ಕಳದಲ್ಲಿ ಒತ್ತಿ ಬಿಗಿದರು. ತಣ್ಣಗಾದ ಮೇಲೆ ರೆಕ್ಸಿನ್ ತಾನೇ ಬಿಗಿಯಾಗಿ, ಸುಕ್ಕು ಮಾಯವಾಯಿತು. ಎಲ್ಲ ಸೇರಿ 13,500 ರೂಪಾಯಿ, ಎರಡು ದಿನ.

ರೆಕ್ಸಿನ್ನಿಗೂ ಕುಂದಿದೆ. ಬೇಸಿಗೆಯಲ್ಲಿ ಸುಡುತ್ತದೆ, ಅದಕ್ಕೆ ಮದ್ದಿಲ್ಲ, ಟವೆಲ್ ಹಾಸಿಕೊಳ್ಳಬೇಕು. ಬಿಚ್ಚಿ ಒಗೆಯಲು ಆಗುವುದಿಲ್ಲ. ಹೊಸದರಲ್ಲಿ ಒಂದು ತಿಂಗಳು ಪ್ಲಾಸ್ಟಿಕ್ ವಾಸನೆಗೆ ಮಗಳಿಗೆ ವಾಂತಿ ಬರುವ ಹಾಗೆ ಆಗುತ್ತಿತ್ತು. ಎಲ್ಲಕ್ಕಿಂತ, ಮುಂಭಾಗದ ಗಾಜಿನ ರಬ್ಬರ್ ಬದಲಿಸದೆ ಈ ಕೆಲಸ ಮಾಡಿಸಿದ್ದರೆ ಹೊಸ ಗೋಣಿಯೂ ನಾಲ್ಕು ವರ್ಷಕ್ಕೆ ನಶ್ಯವೇ. ರಬ್ಬರಿನ ಖರ್ಚನ್ನೂ ಸೀಟಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಪೇಟೆಯಲ್ಲಿದ್ದು, ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು, ಸೀಟಿನ ಒಳಗೆ ಗಟ್ಟಿ ಇದ್ದರೆ ರೆಡಿಮೇಡ್ ಹಾಕಿಕೊಳ್ಳಲಿ. ಬೆಂಚ್ ಸೀಟಿನವರು ಮಾತ್ರ ಆ ಕಡೆ ತಲೆ ಹಾಕಬೇಡಿ. ಘಟ್ಟದ ಮೇಲಿನವರು ಮೊದಲು ಸೀಟಿನ ಅಡಿಗೆ ಕೈ ಹಾಕಿ ಗೋಣಿ ಮುಟ್ಟಿ ನೋಡಿ. ಉದುರಿದರೆ ನೇರ ಕುಶನ್ ಅಂಗಡಿಗೆ ಹೋಗಿ. ನಮ್ಮದರಲ್ಲಿ ಈಗ ಮುಂದೆ ರೆಕ್ಸಿನ್, ಹಿಂದೆ ಹತ್ತಿ. ಹತ್ತಿಗೆ ಎರಡನೇ ಜೊತೆ ಹೊಲಿಸಿದ್ದೇನೆ, ಬಟ್ಟೆ ನೆನೆಸಿಯೇ. ಆರಿದ್ರಾ ಶುರುವಾದ ಕೂಡಲೇ ಹತ್ತಿ ಬಿಚ್ಚಿ, ಎರಡೂ ಜೊತೆಯನ್ನು ಪೆಟ್ಟಿಗೆಗೆ ಹಾಕಿ, ಹಿಂದಿನ ಸೀಟಿಗೆ ಹಳೇ ಕಂಬಳಿ ಹಾಸುತ್ತೇನೆ. ಚಂದಕ್ಕೆ ಏನೂ ಇಲ್ಲ, ಆದರೆ ಒದ್ದೆಯಾದರೆ ಕೊಡವಿದರೆ ಆಯಿತು.

ಎರಡನೇ ಮಳೆಗಾಲ ಮುಗಿದಾಗ ಮುಂದಿನ ಸೀಟಿನ ಬಲ ಮೂಲೆಯಲ್ಲಿ, ನಾನು ಹತ್ತಿ ಇಳಿಯುವ ಕಡೆ, ಮೂರು ಬೆರಳಷ್ಟು ಹೊಲಿಗೆ ಬಿಟ್ಟಿತ್ತು. ಶಿವಮೊಗ್ಗಕ್ಕೆ ಹೋದಾಗ ತೋರಿಸಿದೆ. ಭಾಯ್ ಸೀಟು ಬಿಚ್ಚದೆ, ಬಾಗಿದ ಸೂಜಿಯಲ್ಲಿ ನಿಂತಲ್ಲೇ ಹೊಲಿದರು. ದುಡ್ಡು ತೆಗೆದುಕೊಳ್ಳಲಿಲ್ಲ, ಹಲಸಿನ ಹಪ್ಪಳ ಇದ್ದರೆ ತನ್ನಿ ಅಂದರು. ಅಪ್ಪ ಮುಂದಿನ ಸೀಟಲ್ಲೇ ಕೂತಿದ್ದರು.