ಮೊದಲ ಪಾಸ್‌ಪೋರ್ಟ್: ನಾರ್ಮಲ್ ಸಾಕೋ, ತತ್ಕಾಲ್ ಬೇಕೋ? ವಿಳಾಸ ಊರಿನದೋ, ಬೆಂಗಳೂರಿನದೋ?

ಪಾಸ್‌ಪೋರ್ಟ್ ತಡವಾಯಿತು ಎನ್ನುವವರಲ್ಲಿ ಹೆಚ್ಚಿನವರು ದೂರುವುದು ಸ್ಲಾಟ್ (ಪಾಸ್‌ಪೋರ್ಟ್ ಕೇಂದ್ರಕ್ಕೆ ಬರಲು ಕೊಡುವ ದಿನ, ಹೊತ್ತು) ಸಿಗಲಿಲ್ಲ ಎಂದು. ಆದರೆ ಸ್ಲಾಟ್ ಇವತ್ತಲ್ಲ ನಾಳೆ ಸಿಗುತ್ತದೆ. ಫೈಲು ವಾರಗಟ್ಟಲೆ ಕೂರುವುದು ಬೇರೆ ಎರಡು ಕಡೆ: ಒಂದು, ದಾಖಲೆಗಳಲ್ಲಿ ಹೆಸರು ಅಥವಾ ಹುಟ್ಟಿದ ತಾರೀಖು ತಾಳೆಯಾಗದಾಗ, ಇನ್ನೊಂದು, ಪೊಲೀಸ್ ಠಾಣೆಯಲ್ಲಿ. ಮನೆಯವರಿಗೆ, ಗೆಳೆಯರಿಗೆ ಎಂದು ಬೇರೆ ಬೇರೆ ದಾರಿಯಲ್ಲಿ ಅರ್ಜಿ ಹಾಕಿಸಿ ನೋಡಿದ ಮೇಲೆ ಉಳಿದ ಲೆಕ್ಕ ಇಲ್ಲಿದೆ.

ನಾರ್ಮಲ್, ತತ್ಕಾಲ್

ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ ನಾರ್ಮಲ್ ಶುಲ್ಕ 1,500 ರೂಪಾಯಿ, 60 ಪುಟಕ್ಕೆ 2,000. ಬೇಗ ಕೊಡುವ ತತ್ಕಾಲ್ ಆದರೆ ಇದರ ಮೇಲೆ ಇನ್ನೂ 2,000. ಆನ್‌ಲೈನಿನಲ್ಲಿ ಕಟ್ಟಿಸಿಕೊಳ್ಳುವುದು ನಾರ್ಮಲ್ ಶುಲ್ಕ ಮಾತ್ರ. ತತ್ಕಾಲ್‌ನ ಹೆಚ್ಚುವರಿ ಹಣ ಕೇಂದ್ರದಲ್ಲಿ ಕಟ್ಟಬೇಕು, ನಗದು ಇಟ್ಟುಕೊಂಡೇ ಹೋಗಿ.

ತತ್ಕಾಲ್‌ನ ನಿಜವಾದ ಲಾಭ ಪೊಲೀಸ್ ವೆರಿಫಿಕೇಶನ್ ಹಿಂದಕ್ಕೆ ಹೋಗುವುದು. ಮೊದಲು ಪಾಸ್‌ಪೋರ್ಟ್ ಕೈಗೆ ಬರುತ್ತದೆ, ಪೊಲೀಸರು ಆಮೇಲೆ ವಿಚಾರಿಸುತ್ತಾರೆ. ಅರ್ಜಿ ಕೊಟ್ಟ ದಿನ ಬಿಟ್ಟು ಮೂರನೇ ಕೆಲಸದ ದಿನದೊಳಗೆ ರವಾನೆ ಎಂಬುದು ನಿಯಮ. ಇದಕ್ಕೆ ಇಲಾಖೆಯ ಪಟ್ಟಿಯಲ್ಲಿರುವ ಗುರುತಿನ ದಾಖಲೆಗಳಲ್ಲಿ ಮೂರು ಬೇಕು. ಆಧಾರ್, ಪ್ಯಾನ್, ವೋಟರ್ ಐಡಿ ಎಲ್ಲರಿಗೂ ಸುಲಭ. ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಆಗಿರಬೇಕು ಎನ್ನುವಲ್ಲೇ ಬಹಳ ಜನ ಎಡವುತ್ತಾರೆ. ಇನ್ನೊಂದು ಮಾತು: ತತ್ಕಾಲ್ ಕೇಳಿದ್ದೀರಿ ಎಂದ ಮಾತ್ರಕ್ಕೆ ಕೊಡಲೇಬೇಕೆಂದಿಲ್ಲ. ಅಧಿಕಾರಿಗೆ ಅನುಮಾನ ಬಂದರೆ ಪೊಲೀಸ್ ವರದಿ ಬಂದ ಮೇಲೆಯೇ ಪಾಸ್‌ಪೋರ್ಟ್ ಎಂದು ಬರೆಯಬಹುದು. ಆಗ ಅವಸರದ ಅರ್ಥವೇ ಹೋಯಿತು.

ಹಾಗಾಗಿ ಪ್ರಯಾಣದ ತಾರೀಖು ಕುತ್ತಿಗೆಗೆ ಬಂದಿದ್ದು ದಾಖಲೆಗಳೂ ಶುದ್ಧವಾಗಿದ್ದರೆ ತತ್ಕಾಲ್. ದಾಖಲೆಯಲ್ಲಿ ತೊಡಕಿದ್ದವರು 2,000 ಖರ್ಚು ಮಾಡುವ ಬದಲು ಮೊದಲು ಆಧಾರ್ ಸರಿಮಾಡಿಸಿಕೊಳ್ಳಲಿ. ಎರಡು ತಿಂಗಳು ಕೈಯಲ್ಲಿದ್ದರೆ ನಾರ್ಮಲ್ ಧಾರಾಳ ಸಾಕು.

ಊರ ವಿಳಾಸ, ಬೆಂಗಳೂರ ವಿಳಾಸ

ತಡಕ್ಕೆ ದೊಡ್ಡ ಕಾರಣ ಇದೇ. ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯಲ್ಲಿ ಬೇಕಾದರೂ ಅರ್ಜಿ ಕೊಡಬಹುದು ಎಂದು 2018ರಲ್ಲಿ ನಿಯಮ ಸಡಿಲವಾಯಿತು. ಅಂದರೆ ರಾಯಚೂರಿನ ವಿಳಾಸ ಹಾಕಿ ಬೆಂಗಳೂರಿನ ಲಾಲ್‌ಬಾಗ್ ಕೇಂದ್ರಕ್ಕೆ ಹೋಗಬಹುದು. ಆದರೆ ಪೊಲೀಸ್ ವಿಚಾರಣೆ ನಡೆಯುವುದು ಫಾರಂನಲ್ಲಿ ಬರೆದ ಈಗಿನ ವಿಳಾಸದ ಠಾಣೆಯಲ್ಲಿ. ರಾಯಚೂರಿನ ಠಾಣೆಯಿಂದ ಫೋನ್ ಬಂದಾಗ ನೀವು ಮಾರತ್‌ಹಳ್ಳಿಯ ಪಿಜಿಯಲ್ಲಿದ್ದರೆ ರಜೆ ಹಾಕಿ ಬಸ್ ಹತ್ತಬೇಕು. ಹೋಗದಿದ್ದರೆ ‘ಈ ವಿಳಾಸದಲ್ಲಿ ವಾಸವಿಲ್ಲ’ ಎಂಬ ವರದಿ ಹೋಗುತ್ತದೆ. ಆಮೇಲೆ ಕೋರಮಂಗಲದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ವಿಚಾರಣೆಯ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಮತ್ತೊಮ್ಮೆ ವೆರಿಫಿಕೇಶನ್ ಕೇಳಬೇಕು. ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು ಈ ಸುತ್ತು.

ಬೆಂಗಳೂರ ವಿಳಾಸ ಹಾಕಿದರೆ ಠಾಣೆ ಹತ್ತಿರ, ಆದರೆ ವಿಳಾಸದ ಪುರಾವೆ ಕಷ್ಟ. ಸ್ಟಾಂಪ್ ಪೇಪರಿನ ಮೇಲೆ ನೋಟರಿ ಮಾಡಿಸಿದ 11 ತಿಂಗಳ ಬಾಡಿಗೆ ಕರಾರು ಇಲ್ಲಿ ನಡೆಯುವುದಿಲ್ಲ; ನೋಂದಣಿ ಆಗಿರಲೇಬೇಕು. ಪಿಜಿಯವರು ಕರಾರನ್ನೇ ಕೊಡುವುದು ಅಪರೂಪ, ನೋಂದಣಿ ಇನ್ನೆಲ್ಲಿ! ಸುಲಭದ ದಾರಿ ಎಂದರೆ ಆಧಾರ್ ವಿಳಾಸ ಬದಲಿಸುವುದು, ಇಲ್ಲವೇ ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆಗೆ ಹೊಸ ವಿಳಾಸ ಕೊಟ್ಟು ಫೋಟೋ ಇರುವ ಪಾಸ್‌ಬುಕ್ ಪಡೆಯುವುದು.

ನಮ್ಮ ಆಯ್ಕೆ: ಎಲ್ಲಿ ರಾತ್ರಿ ಮಲಗುತ್ತೀರೋ ಅದೇ ವಿಳಾಸ. ಊರಿನದೇ ಬೇಕೆಂದರೆ ದಸರೆ, ದೀಪಾವಳಿಯ ಉದ್ದ ರಜೆಗೆ ಮುಂಚೆ ಅರ್ಜಿ ಕೊಟ್ಟು, ವಿಚಾರಣೆಯ ವೇಳೆಗೆ ಊರಲ್ಲಿರಿ. ಫಾರಂನಲ್ಲಿ ಪರಿಚಯಸ್ಥರಾಗಿ ಹೆಸರಿಸಿದ ಇಬ್ಬರೂ ಆ ಬೀದಿಯವರೇ ಆಗಿರಲಿ, ಅವರಿಗೆ ಮೊದಲೇ ಹೇಳಿಡಿ. ಗೊತ್ತಿಲ್ಲದ ನಂಬರೆಂದು ಅವರು ಫೋನ್ ಎತ್ತದೆ ನಿಂತ ಫೈಲುಗಳೂ ಇವೆ.

ಪಿಎಸ್‌ಕೆ (ಪಾಸ್‌ಪೋರ್ಟ್ ಸೇವಾ ಕೇಂದ್ರ), ಅಂಚೆ ಕಚೇರಿಯ ಪಿಒಪಿಎಸ್‌ಕೆ

ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಎಂಬ ಪ್ರಯೋಗ ಶುರುವಾದದ್ದು 2017ರ ಜನವರಿಯಲ್ಲಿ, ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ಬಹುತೇಕ ಜಿಲ್ಲೆಗಳಲ್ಲಿದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ದೊಡ್ಡ ಪಿಎಸ್‌ಕೆಗಳಲ್ಲಿ ಎ, ಬಿ, ಸಿ ಎಂದು ಮೂರು ಕೌಂಟರ್. ಎ ಕೌಂಟರಿನಲ್ಲಿ ಖಾಸಗಿ ಸಂಸ್ಥೆಯ ಸಿಬ್ಬಂದಿ ಫೋಟೋ, ಬೆರಳಚ್ಚು ತೆಗೆದು ದಾಖಲೆ ಸ್ಕ್ಯಾನ್ ಮಾಡುತ್ತಾರೆ. ಬಿ, ಸಿಯಲ್ಲಿ ಸರ್ಕಾರಿ ಅಧಿಕಾರಿಗಳು ಪರಿಶೀಲಿಸಿ ಮಂಜೂರು ಮಾಡುತ್ತಾರೆ. ಗೊಂದಲವಿದ್ದರೆ ಅಲ್ಲೇ ಎದುರು ಕೂತು ವಿವರಿಸಲು ಅವಕಾಶವುಂಟು. ಅಂಚೆ ಕಚೇರಿಯಲ್ಲಿ ಜನ ಕಡಿಮೆ, ಕೆಲಸ ಬೇಗ, ಆದರೆ ಕೊನೆಯ ತೀರ್ಮಾನ ಬೇರೆ ಕಡೆ ಕೂತ ಅಧಿಕಾರಿಯದು. ದಾಖಲೆ ನೇರವಾಗಿದ್ದವರಿಗೆ ಪಿಒಪಿಎಸ್‌ಕೆ. ಹೆಸರು, ತಾರೀಖಿನ ತಕರಾರಿದ್ದವರಿಗೆ ಪಿಎಸ್‌ಕೆಯೇ ಮೇಲು. ಎಲ್ಲ ಅಂಚೆ ಕೇಂದ್ರಗಳಲ್ಲೂ ತತ್ಕಾಲ್ ಸ್ಲಾಟ್ ಇರುವುದಿಲ್ಲ.

ಎ ಕೌಂಟರಿನಲ್ಲಿ ಟೈಪಾದ ವಿವರವನ್ನು ತೋರಿಸಿ ‘ಸರಿ ಇದೆಯಾ?’ ಎಂದು ಕೇಳುತ್ತಾರೆ. ಹಿಂದೆ ಸಾಲು ನಿಂತಿದೆ ಎಂದು ತಲೆಯಾಡಿಸಿಬಿಡಬೇಡಿ; ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ಊರು, ಮನೆ ನಂಬರ್ ಒಂದೊಂದೇ ಓದಿ. ಫೋಟೋದ ಹಿನ್ನೆಲೆ ಬಿಳಿ, ಬಿಳಿ ಅಂಗಿ ಬೇಡ.

ಇನಿಶಿಯಲ್ಲಿನ ತೊಡಕು

ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯದು. ಮಂಜುನಾಥ ಎಚ್. ಆರ್. ಎಂದಿದ್ದರೆ ಎಚ್ ಊರೋ ಮನೆತನವೋ, ಆರ್ ತಂದೆಯೋ, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರಿನ ಕೊನೆಗೆ ‘ಎ’ ಇದ್ದು ಆಧಾರಿನಲ್ಲಿ ಇಲ್ಲದಿದ್ದರೆ ಅದೂ ಆಕ್ಷೇಪಣೆಯೇ. ಸರ್‌ನೇಮ್ ಖಾಲಿ ಬಿಡಬಹುದು, ಬಿಡಬೇಡಿ: ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರಿನಲ್ಲಿ ಬಿಗಿಗೊಳಿಸಿತು.

ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ತಾರೀಖು ಒಂದು, ಜನನ ಪ್ರಮಾಣಪತ್ರದ್ದು ಇನ್ನೊಂದು ಆಗಿದ್ದರೆ, ಯಾವುದಾದರೂ ಒಂದಕ್ಕೆ ಉಳಿದ ದಾಖಲೆಗಳನ್ನು ಹೊಂದಿಸಿದ ಮೇಲೆಯೇ ಅರ್ಜಿ ಹಾಕಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಬಿಟ್ಟು ಬೇರೆ ಪುರಾವೆ ಇಲ್ಲ.

ಎಸ್ಸೆಸ್ಸೆಲ್ಸಿ ಪಾಸಾದ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಒಯ್ಯಲು ಮರೆಯಬೇಡಿ. ಪಾಸ್‌ಪೋರ್ಟಿಗೆ ‘ವಲಸೆ ಅನುಮತಿ ಬೇಕು’ ಎಂಬ ಇಸಿಆರ್ ಮುದ್ರೆ ಬೀಳದಿರಲು ಅದೇ ಪುರಾವೆ. ಮುದ್ರೆ ಬಿದ್ದರೆ ಸೌದಿ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿಗೆ ಅಲೆಯಬೇಕು.

ಸ್ವಂತವಾಗಿಯೋ, ಸೈಬರ್ ಸೆಂಟರಿನಲ್ಲೋ

ಸ್ಲಾಟ್ ಎಲ್ಲರಿಗೂ ಒಂದೇ. ಏಜೆಂಟರಿಗೆ ಬೇರೆ ಬಾಗಿಲಿಲ್ಲ. ಸೈಬರ್ ಸೆಂಟರಿನಲ್ಲಿ ಮಾಡಿಸಿದರೂ ಲಾಗಿನ್‌ಗೆ ನಿಮ್ಮದೇ ಇಮೇಲ್, ಫಾರಂಗೆ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ, ಪಾಸ್‌ವರ್ಡ್ ಬರೆದುಕೊಳ್ಳಿ. ಇಲ್ಲವಾದರೆ ಸ್ಲಾಟ್ ಬದಲಿಸಲೂ ಅವರ ಅಂಗಡಿ ಬಾಗಿಲು ತೆರೆಯುವುದನ್ನು ಕಾಯಬೇಕು. ಬದಲಿಸಲು ಮೊದಲ ಅಪಾಯಿಂಟ್‌ಮೆಂಟಿನಿಂದ ಒಂದು ವರ್ಷದೊಳಗೆ ಮೂರೇ ಅವಕಾಶ. ಅಸಲಿ ತಾಣದ ವಿಳಾಸ ಡಾಟ್ ಗವ್ ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆ. ಹೋಲುವ ಹೆಸರಿನ ನಕಲಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ.

ಕೊನೆಗೆ ಪುಸ್ತಕ ಬರುವುದು ಸ್ಪೀಡ್ ಪೋಸ್ಟಿನಲ್ಲಿ, ಅರ್ಜಿದಾರರ ಕೈಗೇ. ಬಾಗಿಲಿಗೆ ಬೀಗ ಕಂಡರೆ ಅದು ಪಾಸ್‌ಪೋರ್ಟ್ ಕಚೇರಿಗೆ ವಾಪಸ್. ರವಾನೆಯಾಯಿತು ಎಂಬ ಮೆಸೇಜ್ ಬಂದ ದಿನವೇ ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿಡಿ.