ಚಿಕ್ಕ ಮಕ್ಕಳೊಂದಿಗೆ ಬೆಂಗಳೂರಿನ ಕ್ರಿಸ್ಮಸ್: ಕಾರವಾರದಿಂದ ಹೊರಡುವವರಿಗಾಗಿ ಒಂದು ವಿಮರ್ಶೆ

ಕ್ರಿಸ್ಮಸ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗೋವೆಗೆ ಹೋಗಿ ಬರುವುದು ಕಾರವಾರದವರಿಗೆ ಹೊಸದೇನಲ್ಲ. ಕಾಳಿ ನದಿ ದಾಟಿ ಮಾಜಾಳಿಯ ಗಡಿ ಕಳೆದರೆ ಕಾಣಕೋಣ ಹತ್ತಿರದಲ್ಲೇ ಇದೆ, ಬೇಸರವಾದರೆ ಸಂಜೆಯೊಳಗೆ ಮನೆಗೆ ಮರಳಬಹುದು. ಬೆಂಗಳೂರಿನ ಲೆಕ್ಕವೇ ಬೇರೆ. ರಾತ್ರಿಯಿಡೀ ಪ್ರಯಾಣ, ನಮ್ಮ ಮಕ್ಕಳಿಗೆ ರೂಢಿಯಿಲ್ಲದ ಚಳಿ, ಹಬ್ಬದ ದಟ್ಟಣೆ, ದುಬಾರಿ ಕೋಣೆ ಬಾಡಿಗೆ ಇವನ್ನೆಲ್ಲ ಒಪ್ಪಿಕೊಂಡು ಹೊರಡುವ ತಂದೆ ತಾಯಿಗೆ, ಅಲ್ಲಿ ಮಕ್ಕಳಿಗೆ ನಿಜಕ್ಕೂ ಏನು ದಕ್ಕುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಆರು ವರ್ಷದ ಮಗಳು ಮತ್ತು ಮೂರು ವರ್ಷದ ಮಗನ ಜೊತೆ ಹೋಗಿ ಬಂದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಶಾಲೆಯ ಮೆಟ್ಟಿಲು ಈಗಷ್ಟೇ ಹತ್ತಿದ ಮಕ್ಕಳ ಪಾಲಿಗೆ ಬೆಂಗಳೂರಿನ ಕ್ರಿಸ್ಮಸ್ ಇರುವುದು ಬೆಳಗಿನ ಹೊತ್ತಿನಲ್ಲಿ. ಜಾಹೀರಾತುಗಳಲ್ಲಿ ಕಾಣುವ ಸಂಜೆಯ ಕ್ರಿಸ್ಮಸ್ ದೊಡ್ಡವರಿಗಾಗಿ ಇರುವಂಥದ್ದು.

ಮೊದಲು ಪ್ರಯಾಣದ ವಿಷಯ. ಸಂಜೆ ಕಾರವಾರ ಬಿಟ್ಟು ಕರಾವಳಿಯುದ್ದಕ್ಕೂ ಸಾಗಿ, ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ ಘಟ್ಟವನ್ನು ರಾತ್ರಿಯಲ್ಲೇ ಹತ್ತಿ, ಬೆಳಿಗ್ಗೆ ಬೆಂಗಳೂರು ಮುಟ್ಟಿಸುವ ಪಂಚಗಂಗಾ ಎಕ್ಸ್‌ಪ್ರೆಸ್ ಚಿಕ್ಕ ಮಕ್ಕಳಿರುವವರಿಗೆ ಬಸ್ಸಿಗಿಂತ ಎಷ್ಟೋ ಪಾಲು ಒಳ್ಳೆಯದು. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳು ಇದರಲ್ಲಿ ಕಾಲು ಚಾಚಿ ಮಲಗುತ್ತಾರೆ, ಶೌಚಾಲಯವೂ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ. ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ ದರ. 2016ರಿಂದ ಇದೇ ನಿಯಮವಿದೆ. ಅರ್ಧ ಹಣ ಉಳಿಯುತ್ತದೆಂದು ಆರು ವರ್ಷದ ಮಗುವನ್ನು ನಿಮ್ಮ ಬರ್ತಿನಲ್ಲೇ ಮಲಗಿಸಿಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಡಿ, ಏಕೆಂದರೆ ಬೆಳಿಗ್ಗೆ ಇಬ್ಬರೂ ನಿದ್ದೆಗೆಟ್ಟು ಇಳಿದರೆ ಮೊದಲ ದಿನವಿಡೀ ರಗಳೆಯಲ್ಲೇ ಕಳೆಯುತ್ತದೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುವುದರಿಂದ ಕ್ರಿಸ್ಮಸ್ ವಾರದ ಟಿಕೆಟ್‌ಗೆ ಅಕ್ಟೋಬರ್ ಕೊನೆಯ ವಾರದಲ್ಲೇ ಕೂರಬೇಕಾಗುತ್ತದೆ. ನಮ್ಮ ನಿಲ್ದಾಣ ಊರ ಹೊರಗಿನ ಶಿರವಾಡದಲ್ಲಿರುವುದರಿಂದ ಆಟೊವನ್ನೂ ಮೊದಲೇ ಹೇಳಿಡುವುದು ಕ್ಷೇಮ. ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಕಾಲುಚೀಲಗಳು ಕೈಚೀಲದ ಮೇಲ್ಭಾಗದಲ್ಲೇ ಇರಲಿ. ಡಿಸೆಂಬರ್ ಬೆಳಗಿನ ಬೆಂಗಳೂರು 15–16 ಡಿಗ್ರಿಗೆ ಇಳಿಯುತ್ತದೆ, ಕರಾವಳಿಯ ಮಕ್ಕಳಿಗೆ ಅದು ನಿಜವಾದ ಚಳಿ.

ನಮ್ಮ ತಿರುಗಾಟದಲ್ಲಿ ಮೊದಲ ಸ್ಥಾನವನ್ನು ನಾನು ಯಾವ ಅನುಮಾನವೂ ಇಲ್ಲದೆ ಕಬ್ಬನ್ ಪಾರ್ಕಿಗೂ ಅದರ ಅಂಚಿನಲ್ಲಿ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೂ ಕೊಡುತ್ತೇನೆ. ಇವೆರಡಕ್ಕೂ ಕ್ರಿಸ್ಮಸ್‌ಗೂ ನೇರ ಸಂಬಂಧವಿಲ್ಲ, ನಿಜ. ಆದರೆ ಹಬ್ಬದ ಪ್ರವಾಸವನ್ನು ಮಕ್ಕಳು ತಡೆದುಕೊಳ್ಳುವಂತೆ ಮಾಡುವುದು ಇಂಥ ಜಾಗಗಳೇ. ಮೆಟ್ರೊದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಉದ್ಯಾನದ ಮಗ್ಗುಲಿಗೇ ಬಂದಂತಾಯಿತು. ಸುರಂಗದೊಳಗೆ ಓಡುವ ರೈಲು ಕಾರವಾರದ ಮಗುವಿಗೆ ಸ್ವತಃ ಒಂದು ಆಕರ್ಷಣೆ, ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಅದರಲ್ಲಿ ಟಿಕೆಟ್ ಕೂಡ ಬೇಡ. 1870ರಲ್ಲಿ ರೂಪುಗೊಂಡ ಈ ಉದ್ಯಾನದಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಬಿದಿರು ಮೆಳೆಗಳ ನಡುವೆ ಬಿಸಿಲು ಇಳಿಯುತ್ತಿರುತ್ತದೆ. ಓಡಲು ಬೇಕಾದಷ್ಟು ಜಾಗವಿದೆ, ಬಿದ್ದರೆ ಕೆಳಗೆ ಮಣ್ಣು ಮತ್ತು ಹುಲ್ಲು. ಬಾಲಭವನದ ಪುಟಾಣಿ ರೈಲು ದುರಸ್ತಿಗೆಂದು ನಿಲ್ಲುವ ಅವಧಿಗಳೂ ಇರುತ್ತವೆಯಾದ್ದರಿಂದ ಅದರ ಆಸೆಯನ್ನು ಮಕ್ಕಳಲ್ಲಿ ಮೊದಲೇ ಹುಟ್ಟಿಸದೆ, ವಿಚಾರಿಸಿಕೊಂಡು ಕರೆದೊಯ್ಯುವುದು ಒಳಿತು.

ವಸ್ತುಸಂಗ್ರಹಾಲಯದ ಬಾಗಿಲು ಒಂಬತ್ತೂವರೆಗೆ ತೆರೆಯುತ್ತದೆ, ಆಗಲೇ ಒಳಗೆ ಹೋಗಬೇಕು. ಹನ್ನೊಂದು ಗಂಟೆಯ ನಂತರ ರಜೆಯ ದಿನಗಳಲ್ಲಿ ಶಾಲಾ ಪ್ರವಾಸದ ಗುಂಪುಗಳು ಬಂದು ತುಂಬುತ್ತವೆ, ಆಮೇಲೆ ಗುಂಡಿ ಒತ್ತುವ ಸರದಿ ಚಿಕ್ಕವರಿಗೆ ಸಿಗುವುದಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಾಪಲ್ ಯುದ್ಧನೌಕೆಯ ಒಳಗೆ ಹತ್ತಿಳಿದು ಬೆಳೆದ ನಮ್ಮ ಮಕ್ಕಳಿಗೆ ಯಂತ್ರಗಳ ಬಗ್ಗೆ ಭಯವಿಲ್ಲ. ಆದರೆ ಚಾಪಲ್‌ನಲ್ಲಿ ನೋಡುವುದೇ ಹೆಚ್ಚು, ಇಲ್ಲಿ ಮುಟ್ಟಿ ತಿರುಗಿಸುವುದೇ ಹೆಚ್ಚು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಮಗಳು ಬಹಳ ಹೊತ್ತು ನಿಂತಳು. ಬಟ್ಟೆಯ ರೆಕ್ಕೆ, ತಂತಿಯ ಬಿಗಿತ, ಮನುಷ್ಯ ಬೋರಲು ಮಲಗಿ ಹಾರಿಸುತ್ತಿದ್ದ ಜಾಗ ಇವನ್ನೆಲ್ಲ ಒಂದೊಂದಾಗಿ ನೋಡಿ, ಮಳೆ ಬಂದರೆ ರೆಕ್ಕೆ ನೆನೆಯುವುದಿಲ್ಲವೇ ಎಂದು ಕೇಳಿದಳು. ನಮ್ಮ ಕಡೆಯ ಮಳೆ ಕಂಡ ಮಗು ಕೇಳಬೇಕಾದ ಪ್ರಶ್ನೆಯೇ ಅದು. ಮಗನಿಗೆ ಅದಾವುದೂ ಬೇಕಿರಲಿಲ್ಲ; ಒಂದು ಹಿಡಿಕೆ ತಿರುಗಿಸಿದರೆ ಇನ್ನೊಂದು ಚಕ್ರ ಉಲ್ಟಾ ತಿರುಗುವುದನ್ನು ಅವನು ಎಳೆದೊಯ್ಯುವವರೆಗೂ ಬಿಡಲಿಲ್ಲ. ಎರಡೂ ವಯಸ್ಸಿನವರನ್ನು ಒಂದೇ ಸೂರಿನಡಿ ತೃಪ್ತಿಪಡಿಸುವ ಜಾಗ ಬೆಂಗಳೂರಿನಲ್ಲಿ ಹೆಚ್ಚಿಲ್ಲ. ಸಮೀಪದ ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಇರುವುದು ದೊಡ್ಡ ಅನುಕೂಲವೇ ಆದರೂ, ಪೂರ್ತಿ ಕತ್ತಲಾಗುವ ಸಭಾಂಗಣ ಮೂರು ವರ್ಷದವರಿಗೆ ಹೊಂದುವುದಿಲ್ಲ. ಒಬ್ಬ ಪಾಲಕರು ದೊಡ್ಡ ಮಗುವಿನ ಜೊತೆ ಒಳಗೆ ಹೋಗಿ, ಇನ್ನೊಬ್ಬರು ಹೊರಗಿನ ವಿಜ್ಞಾನ ಉದ್ಯಾನದಲ್ಲಿ ಕೂರಬಹುದು.

ಹಬ್ಬವನ್ನೇ ಮಕ್ಕಳಿಗೆ ತೋರಿಸಬೇಕೆಂದರೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಕ್ಕೆ ಹೋಗಬೇಕು. 1882ರಲ್ಲಿ ಪೂರ್ಣಗೊಂಡ ಈ ಗಾಥಿಕ್ ಚರ್ಚಿಗೆ 1973ರಲ್ಲಿ ಬೆಸಿಲಿಕಾದ ಮಾನ್ಯತೆ ದೊರೆಯಿತು. ಅದರ ಗೋಪುರವನ್ನು ಕೆಳಗಿನಿಂದ ತಲೆಯೆತ್ತಿ ನೋಡುವಾಗ ಮಕ್ಕಳ ಟೊಪ್ಪಿ ಹಿಂದಕ್ಕೆ ಬೀಳುತ್ತದೆ. ಇಲ್ಲಿನ ಮಾತೆ ಮೇರಿಗೆ ಸೀರೆ ಉಡಿಸುತ್ತಾರೆ, ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ, ಯಾರೂ ನಿಮ್ಮನ್ನು ಯಾರೆಂದು ಕೇಳುವುದಿಲ್ಲ. ನಮ್ಮ ಮಕ್ಕಳಿಗೆ ಕ್ರಿಸ್ಮಸ್ ಅಪರಿಚಿತವಲ್ಲ. ಕಾರವಾರ 1976ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯದ, ಅಂದರೆ ಬಿಷಪ್ಪರ ಆಡಳಿತ ವ್ಯಾಪ್ತಿಯ ಕೇಂದ್ರ. ನೆರೆಮನೆಯಿಂದ ನೆವ್ರಿ, ಕಿಡಿಯೊ, ದೋದೋಲ್ ತುಂಬಿದ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಬರುತ್ತದೆ, ಅಂಗಳದ ನಕ್ಷತ್ರದ ಗೂಡುದೀಪ ಜನವರಿಯವರೆಗೂ ಉರಿಯುತ್ತದೆ. ಹಾಗಾಗಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಮುಂದೆ ಮಗಳು ತಕ್ಷಣ ಹೋಲಿಕೆಗೆ ಇಳಿದಳು. ನಮ್ಮ ಕಡೆ ಮಕ್ಕಳು ಹಬ್ಬಕ್ಕೆ ಕೆಲವು ದಿನ ಮುಂಚೆ ಬಟ್ಟಲಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತಿ, ಮೊಳಕೆಯೊಡೆದ ಆ ಹಸಿರನ್ನೇ ದನದ ಕೊಟ್ಟಿಗೆಯ ಮುಂದೆ ಗದ್ದೆಯಂತೆ ಜೋಡಿಸುತ್ತಾರಲ್ಲ, ಆ ಗದ್ದೆಯನ್ನು ಅವಳು ಇಲ್ಲಿ ಹುಡುಕುತ್ತಿದ್ದಳು. ದೊಡ್ಡ ಊರಿನ ದೊಡ್ಡ ಹಬ್ಬವನ್ನು ತನಗೆ ಗೊತ್ತಿರುವ ಹಬ್ಬದ ಪಕ್ಕದಲ್ಲಿಟ್ಟು ನೋಡುವ ಈ ಅವಕಾಶವನ್ನು ಯಾವ ಅಲಂಕೃತ ಸಭಾಂಗಣವೂ ಮಗುವಿಗೆ ಕೊಡಲಾರದು. ಪೂಜೆಗಳ ನಡುವಿನ ಬಿಡುವಿನಲ್ಲಿ, ವಾರದ ದಿನ ಬೆಳಿಗ್ಗೆ ಹೋಗಿ. 24ರ ರಾತ್ರಿ ಮತ್ತು 25ರ ಬೆಳಿಗ್ಗೆ ಅದು ಆರಾಧನೆಗೆ ಬಂದವರ ಜಾಗ, ನೋಡಲು ಬಂದವರು ಆಗ ಸ್ಥಳ ಬಿಟ್ಟುಕೊಡುವುದೇ ಸಭ್ಯತೆ. ಪಕ್ಕದಲ್ಲೇ ಇರುವ ರಸೆಲ್ ಮಾರ್ಕೆಟ್ ಸುತ್ತ ಕಾಗದದ ನಕ್ಷತ್ರಗಳು ಮಡಚಿದ ಸ್ಥಿತಿಯಲ್ಲಿ ಸಿಗುತ್ತವೆ. ಹಗುರವಾದ ಅವು ರೈಲಿನಲ್ಲಿ ಜಜ್ಜಿಹೋಗುವುದಿಲ್ಲ, ಬ್ರಿಗೇಡ್ ರಸ್ತೆಯ ಅಂಗಡಿಗಳಿಗಿಂತ ಅಗ್ಗವೂ ಹೌದು. ಮಾರುಕಟ್ಟೆಯ ಒಳಗೆ ಮಾತ್ರ ಮಗುವಿನ ಕೈ ಬಿಡಬೇಡಿ.

ಮಾಲ್‌ಗಳ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅಪೂರ್ಣವಾದೀತು, ಏಕೆಂದರೆ ಬೆಂಗಳೂರಿನ ಬಂಧುಗಳು ಮೊದಲು ಕರೆದೊಯ್ಯುವುದು ಅಲ್ಲಿಗೇ. ನಾವು ಹೋಗಿದ್ದ ಒಂದು ದೊಡ್ಡ ಮಾಲ್‌ನಲ್ಲಿ ಹಲವು ಮಹಡಿಗಳೆತ್ತರದ ಮರ ಸುಂದರವಾಗಿಯೇ ಇತ್ತು. ಶೌಚಾಲಯದ ಶುಚಿತ್ವ, ಲಿಫ್ಟು, ಹಾಲುಣಿಸುವ ಪ್ರತ್ಯೇಕ ಕೋಣೆ ಇವುಗಳಲ್ಲಿ ಬೇರೆ ಯಾವ ಜಾಗವೂ ಅದಕ್ಕೆ ಸಾಟಿಯಾಗಲಿಲ್ಲ, ಕೂಸುಗಳಿರುವ ತಾಯಂದಿರಿಗೆ ಅದೊಂದು ಕಾರಣವೇ ಸಾಕು. ಆದರೆ ಸಾಂತಾ ಕ್ಲಾಸ್ ಜೊತೆಗಿನ ಫೋಟೊ ಸರದಿ ಮುಕ್ಕಾಲು ಗಂಟೆಗೂ ಮಿಕ್ಕಿತು. ಧ್ವನಿವರ್ಧಕದ ಅಬ್ಬರಕ್ಕೆ ಚಿಕ್ಕವನು ಎರಡೂ ಕಿವಿ ಮುಚ್ಚಿಕೊಂಡ. ಸರದಿ ಬಂದಾಗ ಗಡ್ಡಧಾರಿಯನ್ನು ಕಂಡು ಚೀರಿ ಅತ್ತ. ಸಿಬ್ಬಂದಿ ಮಗುವನ್ನು ಸಮಾಧಾನಪಡಿಸಲು ಒಂದು ನಿಮಿಷವನ್ನೂ ಕೊಡದೆ ಮುಂದಿನವರನ್ನು ಕರೆದದ್ದು ನನಗೆ ಸರಿಯೆನಿಸಲಿಲ್ಲ. ಚಿಕ್ಕವರಿಗಾಗಿಯೇ ಏರ್ಪಡಿಸಿದ ಕಾರ್ಯಕ್ರಮದಲ್ಲಿ ಚಿಕ್ಕವರು ಹೆದರಬಹುದೆಂಬ ಎಣಿಕೆ ಇರಲೇಬೇಕು. ಮಾಲ್‌ಗೆ ಹೋಗುವುದೇ ಆದರೆ ವಾರದ ದಿನ, ಅಂಗಡಿಗಳು ತೆರೆಯುವ ಹೊತ್ತಿಗೆ ಹೋಗಿ ಮರ ನೋಡಿ, ಹೊಟ್ಟೆ ತುಂಬಿಸಿ ಹೊರಬನ್ನಿ.

ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗಳ ದೀಪಾಲಂಕಾರವನ್ನು ತೋರಿಸದೆ ಮರಳುವುದೂ ಮಕ್ಕಳಿಗೆ ಅನ್ಯಾಯವೇ. ಕತ್ತಲಾಗುತ್ತಿದ್ದಂತೆ, ಆರೂವರೆಯ ಸುಮಾರಿಗೆ ಮೆಟ್ರೊದಲ್ಲಿ ಬಂದಿಳಿದು ಎಂಟರೊಳಗೆ ಹೊರಡುವುದಾದರೆ ಅದು ನೆನಪಿನಲ್ಲಿ ಉಳಿಯುವ ಸಂಜೆಯಾಗುತ್ತದೆ. ತಳ್ಳುಗಾಡಿ ಆ ಪಾದಚಾರಿ ಮಾರ್ಗಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೂರು ವರ್ಷದ ಮಗುವನ್ನು ನೆಲದ ಮೇಲೆ ನಡೆಸಿದರೆ ಅದಕ್ಕೆ ಕಾಣುವುದು ಜನರ ಮೊಣಕಾಲುಗಳು ಮಾತ್ರ, ಆದ್ದರಿಂದ ಹೆಗಲ ಮೇಲೆ ಹೊರಲು ಒಬ್ಬರು ಸಿದ್ಧರಿರಬೇಕು. 24, 25ರ ಸಂಜೆ ಹೋಗಬೇಡಿ. 31ರ ರಾತ್ರಿಯಂತೂ ಆ ರಸ್ತೆಗಳಿಗೆ ವಾಹನ ಸಂಚಾರವನ್ನೇ ನಿಲ್ಲಿಸುವಷ್ಟು ಜನ ಸೇರುತ್ತಾರೆ, ಮಕ್ಕಳನ್ನು ಅತ್ತ ಕರೆದೊಯ್ಯುವ ಮಾತೇ ಬೇಡ. ಡಿಸೆಂಬರ್‌ನಲ್ಲಿ ನಡೆಯುವ ವಾರ್ಷಿಕ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯಿಂದ ಕಟ್ಟಿದ ಆಳೆತ್ತರದ ಆಕೃತಿಗಳು ಆರು ವರ್ಷದವರನ್ನು ಬೆರಗುಗೊಳಿಸುತ್ತವೆ. ಕೇಕನ್ನು ಕಂಡೂ ಮುಟ್ಟಬಾರದೆಂಬುದನ್ನು ಮೂರು ವರ್ಷದವರಿಗೆ ಒಪ್ಪಿಸುವುದು ಕಷ್ಟ. ಪ್ಲಮ್ ಕೇಕ್ ಕೊಳ್ಳುವಾಗ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸಿದ್ದಾರೆಯೇ, ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ಕೊಳ್ಳಿ. ಬೇಕರಿಯವರು ಸಂಕೋಚವಿಲ್ಲದೆ ಹೇಳುತ್ತಾರೆ, ಎರಡೂ ಇಲ್ಲದ ಬಗೆಗಳೂ ಈಗ ಸಿಗುತ್ತವೆ.

ವಸತಿಗೆ ಮೆಜೆಸ್ಟಿಕ್ ಅಗ್ಗವಾದರೂ, ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರಸ್ತೆಯ ಮೆಟ್ರೊಗೆ ನಡೆದುಹೋಗುವ ದೂರದ ಸಾಧಾರಣ ಕೋಣೆಯೊಂದಕ್ಕೆ ಸ್ವಲ್ಪ ಹೆಚ್ಚು ಕೊಡುವುದು ಲೇಸು. ಮಧ್ಯಾಹ್ನ ಮಕ್ಕಳನ್ನು ಎರಡು ಗಂಟೆ ಮಲಗಿಸಲು ಸಾಧ್ಯವಾಗುವುದು ಕೋಣೆ ಹತ್ತಿರವಿದ್ದಾಗ ಮಾತ್ರ, ಆ ನಿದ್ದೆಯಿಲ್ಲದೆ ಯಾವ ಸಂಜೆಯೂ ಸುಖವಾಗಿ ಮುಗಿಯುವುದಿಲ್ಲ. ದಿನಗಳ ಆಯ್ಕೆ ನಿಮ್ಮ ಕೈಯಲ್ಲಿದ್ದರೆ 21ರಿಂದ 23 ಅತ್ಯುತ್ತಮ: ಅಲಂಕಾರವೆಲ್ಲ ಆಗಿರುತ್ತದೆ, ದಟ್ಟಣೆ ಇನ್ನೂ ಏರಿರುವುದಿಲ್ಲ, 24ರ ಬೆಳಿಗ್ಗೆ ಕಾರವಾರಕ್ಕೆ ಇಳಿದರೆ ನಮ್ಮೂರಿನ ಹಬ್ಬವೂ ತಪ್ಪುವುದಿಲ್ಲ. ಹಿಂದಿರುಗುವ ರೈಲೂ ಸಂಜೆಯೇ ಹೊರಡುವುದರಿಂದ ಆ ಮಧ್ಯಾಹ್ನಕ್ಕೆ ಬೇರೇನನ್ನೂ ಇಟ್ಟುಕೊಳ್ಳದೆ, ಮಕ್ಕಳಿಗೆ ಊಟ ಮಾಡಿಸಿ, ಕಚೇರಿಗಳು ಬಿಡುವ ಹೊತ್ತಿಗೆ ಮೊದಲೇ ಮೆಟ್ರೊದಲ್ಲಿ ರೈಲು ನಿಲ್ದಾಣ ಸೇರಿಕೊಳ್ಳಿ.